ಲೇಖನ ಹೇಳಿದ್ದು, ನಾವು ಸೇರಿಸಿದ್ದು

ಸಾಗರ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ನಾನು, ಕಥೆ ಕವಿತೆಗಳ ಜೊತೆಗೆ ಮಾಹಿತಿಪ್ರಧಾನ ಲೇಖನಗಳನ್ನೂ ವಿದ್ಯಾರ್ಥಿಗಳಿಂದ ಓದಿಸಿ, ಸಣ್ಣ ಗುಂಪುಗಳಲ್ಲಿ ಚರ್ಚೆ ಮಾಡಿಸುವ ಪದ್ಧತಿಯನ್ನು ಕೆಲವು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಕಥೆಯಾದರೆ ಮಕ್ಕಳು ತಾವಾಗಿಯೇ ಮಾತಿಗಿಳಿಯುತ್ತಾರೆ. ಲೇಖನ ಕೊಟ್ಟರೆ ‘ಸಾರಾಂಶ ಬರೀಬೇಕಾ ಸರ್’ ಎಂದು ಕೇಳುತ್ತಾರೆ. ಪರೀಕ್ಷೆ ಕಲಿಸಿದ ಅಭ್ಯಾಸ ಅದು.

ಎರಡು ಮೂರು ಪುಟ ಮೀರದ ಲೇಖನದ ಜೆರಾಕ್ಸ್ ಪ್ರತಿಯನ್ನು ಪ್ರತಿಯೊಬ್ಬರಿಗೂ ಕೊಟ್ಟು, ಮೊದಲು ಮೌನವಾಗಿ ಓದಿಸಿ, ಆಮೇಲೆ ಬೆಂಚು ತಿರುಗಿಸಿ ನಾಲ್ವರ ಗುಂಪುಗಳಾಗಿ ಕೂರಿಸುತ್ತೇನೆ. ಆರು ಜನರಾದರೆ ಇಬ್ಬರು ಬರೀ ಕೇಳುಗರಾಗಿ ಉಳಿಯುತ್ತಾರೆ. ಜುಲೈ ಮಳೆ ತಗಡಿನ ಮಾಡಿನ ಮೇಲೆ ಹೊಯ್ಯುವಾಗ ನನ್ನ ಪಾಠ ಹಿಂದಿನ ಬೆಂಚಿಗೆ ಹೇಗೂ ಕೇಳುವುದಿಲ್ಲ. ಹತ್ತಿರ ಹತ್ತಿರ ಕೂತ ನಾಲ್ವರಿಗೆ ಆ ತೊಂದರೆಯಿಲ್ಲ. ಗುಂಪಿನಲ್ಲಿ ಒಬ್ಬರು ಹಾಳೆಯ ನಡುವೆ ಗೆರೆ ಎಳೆದು, ಲೇಖನ ಹೇಳಿದ್ದನ್ನು ಪ್ಯಾರಾ ಸಂಖ್ಯೆಯ ಸಮೇತ ಎಡಕ್ಕೆ, ತಾವು ಸೇರಿಸಿದ್ದನ್ನು ಬಲಕ್ಕೆ ಬರೆಯುತ್ತಾರೆ. ಈ ಗೆರೆಯಿಲ್ಲದಿದ್ದರೆ ಚರ್ಚೆ ಹರಟೆಯಾಗುತ್ತದೆ ಎಂಬುದು ನಾನು ಕಂಡುಕೊಂಡದ್ದು.

ಮಂಗನ ಕಾಯಿಲೆಯ ಕುರಿತ ಲೇಖನವೊಂದನ್ನು ಓದಿಸಿದಾಗ ಇದರ ಉಪಯೋಗ ಚೆನ್ನಾಗಿ ಕಂಡಿತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದು, ರೋಗಕ್ಕೆ ಆ ಕಾಡಿನ ಹೆಸರೇ ಬಂದದ್ದು, ವೈರಸ್ಸನ್ನು ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಜೀವಿ, ಡಿಸೆಂಬರಿನಿಂದ ಮೇ ತಿಂಗಳವರೆಗೆ ರೋಗದ ಕಾಟ ಹೆಚ್ಚು ಎಂಬುದೆಲ್ಲ ಅದರಲ್ಲಿತ್ತು. ಒಬ್ಬಳು ‘ಮಂಗನಿಂದ ಬರುತ್ತದೆ’ ಎಂದು ಎಡಕ್ಕೆ ಬರೆಸಲು ಹೊರಟಾಗ ಪಕ್ಕದವನು ‘ಯಾವ ಪ್ಯಾರಾದಲ್ಲಿದೆ, ತೋರಿಸು’ ಎಂದ. ಹುಡುಕಿದರು, ಇರಲಿಲ್ಲ. ಮಂಗಕ್ಕೂ ಮನುಷ್ಯರಂತೆಯೇ ಉಣುಗು ಕಚ್ಚಿ ರೋಗ ಬರುತ್ತದೆ, ಸತ್ತ ಮಂಗದ ಮೈಯಿಂದ ಇಳಿದ ಉಣುಗುಗಳು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ ಎಂದಷ್ಟೇ ಇತ್ತು. ಮನೆಯಲ್ಲಿ ಕೇಳಿ ಬೆಳೆದ ಮಾತು ಬಲಗಡೆಗೆ ಹೋಯಿತು.

ಅದಕ್ಕಿಂತ ಕಳೆಗಟ್ಟಿದ್ದು ತಿಂಗಳುಗಳ ಕುರಿತ ವಾದ. ಅಡಿಕೆ ತೋಟದ ಮನೆಯ ಹುಡುಗನೊಬ್ಬ, ಮಳೆ ನಿಂತ ಮೇಲೆಯೇ ಜನ ದರಗು (ಒಣಗಿ ಬಿದ್ದ ಎಲೆ) ಗುಡಿಸಲು ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಬೆಟ್ಟ), ಸೌದೆಗೆಂದು ಕಾಡಿಗೆ ಹೋಗುವುದು, ಆದ್ದರಿಂದ ಕಾಯಿಲೆ ಆಗ ಜಾಸ್ತಿ ಎಂದ. ಇನ್ನೊಬ್ಬಳು ನಾಲ್ಕನೆಯ ಪ್ಯಾರಾದ ಮೇಲೆ ಬೆರಳಿಟ್ಟು, ಮರಿ ಉಣುಗು ಹೆಚ್ಚುವ ಕಾಲವೂ ಅದೇ ಎಂದು ಇಲ್ಲಿದೆಯಲ್ಲ ಎಂದಳು. ಎರಡೂ ಕಾರಣ ಇರಬಹುದೆಂದು ನಾನು ಹೇಳಿ ಮುಗಿಸಬಹುದಿತ್ತು, ಹೇಳಲಿಲ್ಲ. ಅವರೇ ಎರಡನ್ನೂ ಎದುರುಬದುರಾಗಿ ಬರೆದು, ಗೆರೆಯ ಮೇಲೆ ಪ್ರಶ್ನೆಚಿಹ್ನೆ ಹಾಕಿದರು.

ಗುಂಪುಗಳ ನಡುವೆ ಓಡಾಡುವಾಗ ‘ಎಲ್ಲಿದೆ?’ ಎಂಬುದನ್ನು ಬಿಟ್ಟು ಬೇರೇನನ್ನೂ ನಾನು ಕೇಳುವುದಿಲ್ಲ. ಮಾತಿಗೆ ಅಂಕವಿಲ್ಲ, ಕೊಟ್ಟರೆ ಬಾಯಿ ಜೋರಿದ್ದವರಿಗಷ್ಟೇ ಲಾಭ. ಹಾಳೆಗಳನ್ನು ಮಾತ್ರ ತರಿಸಿಕೊಂಡು ನೋಡುತ್ತೇನೆ.

ಲೇಖನದ ಆಯ್ಕೆಯಲ್ಲಿ ಸ್ವಲ್ಪ ಜಾಗ್ರತೆ ಬೇಕು. ಅಡಿಕೆಯ ಕೊಳೆರೋಗದ ಲೇಖನ ಕೊಟ್ಟ ದಿನ, ಆ ರೋಗ ತಡೆಯಲು ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಮೈಲುತುತ್ತು ಮತ್ತು ಸುಣ್ಣ ತಲಾ 1 ಕಿಲೋ ಎಂಬುದು ಅರ್ಧ ತರಗತಿಗೆ ಓದುವ ಮೊದಲೇ ಬಾಯಿಪಾಠವಾಗಿತ್ತು. ತಮ್ಮ ತಮ್ಮ ತೋಟದ ಕಥೆಗಳಿಂದ ಬಲಗಡೆ ತುಂಬಿ ಹೋಯಿತು. ಎಡಗಡೆಯಲ್ಲಿ ಒಂದೆರಡು ಸಾಲು. ಆದ್ದರಿಂದ ಮೊದಲ ತಿಂಗಳುಗಳಲ್ಲಿ ಗ್ರಹಣ, ಭೂಕಂಪದಂಥ ವಿಷಯಗಳನ್ನು ಕೊಟ್ಟು, ಪ್ಯಾರಾ ಹುಡುಕಿ ತೋರಿಸುವುದು ರೂಢಿಯಾದ ಮೇಲೆಯೇ ಊರಿನ ವಿಷಯಕ್ಕೆ ಬರುತ್ತೇನೆ. ಕೊಳೆರೋಗದ ಸರದಿ ಈಗ ದಸರಾ ರಜೆ ಕಳೆದ ಮೇಲೆ.