ಎಂಟು ತಿಂಗಳ ಮಗಳು, ಹಗಲು ರೈಲು, ಪುತ್ತೂರಿನ ದಾರಿ

ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಅಪ್ಪ ಒಬ್ಬನೇ ರೈಲು ಹತ್ತಿದರೆ ಜನ ಅದನ್ನು ಸಾಹಸ ಅಂದುಕೊಳ್ಳುತ್ತಾರೆ. ಮನೆಯಲ್ಲಿ ದಿನಾ ಉಣಿಸಿ, ತೊಳೆದು, ಮಲಗಿಸಿ ಕೈ ಪಳಗಿದ್ದರೆ ರೈಲಿನಲ್ಲಿ ಮಾಡುವುದೂ ಅದೇ ಕೆಲಸ. ಜಾಗ ಮಾತ್ರ ಬೇರೆ.

ನನ್ನ ಕೈ ಪಳಗಿದ್ದು ಮಗಳಿಗೆ ಆರು ತಿಂಗಳು ತುಂಬಿದ ಮೇಲೆ. ಹೆಂಡತಿ ತನ್ನ 26 ವಾರಗಳ ರಜೆಯನ್ನೆಲ್ಲ ಹೆರಿಗೆಯ ನಂತರಕ್ಕೇ ಇಟ್ಟುಕೊಂಡಿದ್ದಳು. ಅದು ಮುಗಿಯುವುದಕ್ಕೂ ಎದೆಹಾಲಿನ ಜೊತೆ ಊಟ ಶುರು ಮಾಡುವುದಕ್ಕೂ ಸರಿಹೋಯಿತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಅಮ್ಮಂದಿರ ರಜೆ 12 ವಾರದಿಂದ 26ಕ್ಕೆ ಏರಿತು. ಕೇಂದ್ರ ಸರ್ಕಾರದ ನೌಕರನಾದರೆ ಅಪ್ಪನಿಗೆ 15 ದಿನ ಸಿಗುತ್ತದೆ. ಖಾಸಗಿಯವರಿಗೆ ಅಷ್ಟೂ ಕಾನೂನಿಲ್ಲ, ಕಂಪನಿ ಕೊಟ್ಟಷ್ಟೇ. ನಾನು ಮನೆಯಿಂದಲೇ ಕೆಲಸ ಮಾಡುವವನು, ಹಾಗಾಗಿ ಮಗಳ ಅಡುಗೆ ನನ್ನ ಪಾಲಿಗೆ ಬಂತು.

ರಾಗಿ ಮಣ್ಣಿ ಮಾಡುವುದನ್ನು ಅಮ್ಮನಿಂದ ಕಲಿತೆ. ಬೆಂಗಳೂರಿನವರು ಇದನ್ನೇ ರಾಗಿ ಸರಿ ಅನ್ನುತ್ತಾರೆ. ರಾಗಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ನೆರಳಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಪುಡಿ ಮಾಡಿ, ಹಳೇ ಪಂಚೆಯಲ್ಲಿ ಸೋಸಬೇಕು. ಹೊಟ್ಟು ಮೇಲೆ ಉಳಿಯುತ್ತದೆ, ಪೌಡರಿನಂಥ ಹಿಟ್ಟು ಕೆಳಗೆ ಇಳಿಯುತ್ತದೆ. ಅದನ್ನು ತಣ್ಣೀರಲ್ಲೇ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುವಬೇಕು. ಮಣ್ಣಿ ಹೊಳಪು ಬಂದು ತಳ ಬಿಡುವಾಗ ಬೆಂದಿದೆ ಅಂತ ಲೆಕ್ಕ. ಮೇಲೊಂದು ಹನಿ ತುಪ್ಪ. ಉಪ್ಪು, ಸಕ್ಕರೆ ಹಾಕುವುದಿಲ್ಲ. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಪುಟ್ಟ ಕರುಳಿಗೆ ಇನ್ನೂ ಬಂದಿರುವುದಿಲ್ಲ. ಈ ವಿಷಯದಲ್ಲಿ ಹಿರಿಯರ ಮಾತಿಗೂ ನಾನು ಒಪ್ಪಲಿಲ್ಲ.

ಇನ್ನು ಪ್ರಯಾಣ. ಹೆಂಡತಿಗೆ ರಜೆ ಇರಲಿಲ್ಲ, ಪುತ್ತೂರಲ್ಲಿ ಅಜ್ಜಿ ಕಾಯುತ್ತಿದ್ದರು. ಯಶವಂತಪುರದಿಂದ ಬೆಳಿಗ್ಗೆ ಹೊರಡುವ ರೈಲಿಗೆ ಟಿಕೆಟ್ ಮಾಡಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಸೀಟು ಬೇಡವೆಂದರೆ ದುಡ್ಡಿಲ್ಲ.

ಸಾಮಾನು ಜಾಸ್ತಿ ಹೊರಬೇಡಿ. ಎರಡೂ ಕೈ ಖಾಲಿ ಇರಬೇಕು, ಅದೇ ಮುಖ್ಯ. ಬೆನ್ನಿಗೊಂದು ಚೀಲ, ಎದೆಗೆ ಮಗು. ಮಗುವನ್ನು ಕಟ್ಟಿಕೊಳ್ಳುವ ಕ್ಯಾರಿಯರ್‌ನಲ್ಲಿ ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು, ಗಲ್ಲ ಎದೆಗೆ ಒತ್ತಬಾರದು. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಹತ್ತಿರ ಇರಬೇಕು.

ಹಿಂಡಿಟ್ಟ ಎದೆಹಾಲನ್ನು ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ಒಯ್ದೆ. ಹಾಗಿಟ್ಟರೆ 24 ಗಂಟೆವರೆಗೆ ಇರುತ್ತದೆ. ಹೊರಗಿಟ್ಟರೆ ನಾಲ್ಕೇ ಗಂಟೆ, ಬಿಸಿಲಿನ ದಿನಗಳಲ್ಲಿ ಅಷ್ಟನ್ನೂ ನಾನು ನಂಬುವುದಿಲ್ಲ. ಬೇಯಿಸಿದ ಮಣ್ಣಿಯನ್ನು ಒಯ್ಯಲಿಲ್ಲ, ಗಂಟೆಗಟ್ಟಲೆ ಇಟ್ಟರೆ ಕೆಡುತ್ತದೆ. ಹುರಿದ ಅವಲಕ್ಕಿ ಪುಡಿ ಇತ್ತು, ಫ್ಲಾಸ್ಕಿನ ಬಿಸಿನೀರು ಹಾಕಿ ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಊಟ ತಯಾರು. ಎಲ್ಲಕ್ಕಿಂತ ಸುಲಭ ಬಾಳೆಹಣ್ಣು. ಒಂದು ಬದಿಯ ಸಿಪ್ಪೆ ಸುಲಿದು ಚಮಚದಿಂದ ಕೆರೆದು ಕೊಡಬಹುದು, ಬಟ್ಟಲೂ ಬೇಡ.

ಸಕಲೇಶಪುರ ದಾಟಿದ ಮೇಲೆ ಘಾಟಿ. ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ., 57 ಸುರಂಗ. ರೈಲು ನಿಧಾನ, ಸದ್ದು ಜೋರು. ಮೊದಲ ಸುರಂಗದಲ್ಲಿ ಕತ್ತಲಾದ ತಕ್ಷಣ ಮಗಳು ನನ್ನ ಅಂಗಿಯ ಗುಂಡಿಯನ್ನು ಬಿಗಿಯಾಗಿ ಹಿಡಿದಳು. ಬೆಳಕು ಬಂದಾಗ ನನ್ನ ಮುಖ ನೋಡಿ ಬಿಟ್ಟಳು. ಇನ್ನೊಂದು ಸುರಂಗ, ಮತ್ತೆ ಗುಂಡಿ. ನಾನು ಕಿವಿಯ ಮೇಲೆ ಅಂಗೈ ಇಟ್ಟು, ರಾತ್ರಿ ಮಲಗಿಸುವಾಗ ಗುನುಗುವುದನ್ನೇ ಗುನುಗುತ್ತಿದ್ದೆ. ಕೆಲವು ಸುರಂಗ ಕಳೆದ ಮೇಲೆ ಅವಳು ಗುಂಡಿ ಹಿಡಿಯುವುದನ್ನು ಬಿಟ್ಟು, ಬೆಳಕು ಬಂದಾಗಲೆಲ್ಲ ನಗತೊಡಗಿದಳು. ಆಮೇಲೆ ನಿದ್ದೆಯೇ ಹೋದಳು.

‘ಬಾಬೆಯ ಅಮ್ಮ ಎಲ್ಲಿ?’ ಎಂದು ಕೇಳದವರಿಲ್ಲ. ಕಾಳಜಿಯಿಂದಲೇ ಕೇಳುತ್ತಾರೆ, ಬೇಸರವಿಲ್ಲ. ಬೇಸರ ಬೇರೆ ಇದೆ. ಮಗುವಿನ ಬಟ್ಟೆ ಬದಲಿಸುವ ಹಲಗೆ ಇದ್ದರೆ ಅದು ಹೆಚ್ಚಾಗಿ ಮಹಿಳೆಯರ ಶೌಚಾಲಯದೊಳಗೆ ಇರುತ್ತದೆ. ಅಪ್ಪ ಎಲ್ಲಿಗೆ ಹೋಗಬೇಕು? ನಾನು ಸೀಟಿನ ಮೇಲೆ ರಬ್ಬರ್ ಶೀಟು ಹಾಸಿ ಕೆಲಸ ಮುಗಿಸಿದೆ. ಎದುರಿಗಿದ್ದ ಹೆಂಗಸೊಬ್ಬರು ಏನೂ ಹೇಳದೆ ತಮ್ಮ ಶಾಲನ್ನು ಅಡ್ಡ ಹಿಡಿದರು. ಮನೆಯಲ್ಲಿ ಲಂಗೋಟಿ, ಪ್ರಯಾಣದಲ್ಲಿ ಡೈಪರ್. ಒದ್ದೆ ಇರಲಿ ಬಿಡಲಿ, ಮೂರು ಗಂಟೆಗೊಮ್ಮೆ ಬದಲಿಸಿದರೆ ತೊಡೆಸಂದಿ ಕೆಂಪಾಗುವುದು ಕಡಿಮೆ.

ರಾತ್ರಿ ರೈಲೇ ವಾಸಿ, ಮಗು ಮಲಗಿರುತ್ತದೆ ಅಂತ ತುಂಬಾ ಜನ ಹೇಳಿದರು. ವಾಪಸ್ ಬರುವಾಗಲೂ ನಾನು ಹಗಲಿನದೇ ಹಿಡಿದೆ. ಕಿರಿದಾದ ಬರ್ತಿನಲ್ಲಿ ಮಗು ಎಲ್ಲಿ ಉರುಳುತ್ತದೋ ಅಂತ ಅಪ್ಪ ರಾತ್ರಿಯಿಡೀ ಎಚ್ಚರ ಇರಬೇಕು. ಹಗಲಿನಲ್ಲಾದರೆ ಮಗುವಿಗೆ ಕಿಟಕಿ ಇದೆ, ಮಾತಾಡಿಸುವ ಜನ ಇದ್ದಾರೆ. ಊಟ, ನಿದ್ದೆ ಎಲ್ಲ ಮನೆಯ ಹೊತ್ತಿಗೇ ಆಗುತ್ತದೆ. ಇಳಿದ ಮೇಲೆ ಅಪ್ಪನಿಗೂ ಸ್ನಾನ ಮಾಡಿಸುವಷ್ಟು ತ್ರಾಣ ಉಳಿದಿರುತ್ತದೆ.