ಎರಡನೇ ವರ್ಷದ ದೀಪಾವಳಿ

ನಮ್ಮನೆಯವರು ತೀರಿಕೊಂಡ ವರ್ಷ ಹಬ್ಬದ ಬಗ್ಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ. ವರ್ಷ ತುಂಬುವವರೆಗೆ ಹಬ್ಬ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿದೆ. ತೋರಣ ಕಟ್ಟಲಿಲ್ಲ, ಒಲೆ ಮೇಲೆ ಬಾಣಲೆ ಇಡಲಿಲ್ಲ. ಯಾಕೆ ಅಂತ ಯಾರೂ ಕೇಳಲಿಲ್ಲ. ಪಕ್ಕದ ಮನೆಯವರೇ ಒಬ್ಬಟ್ಟು ತಂದುಕೊಟ್ಟು ಹೋದರು. ಹಳೇ ಕಾಲದ ಕಟ್ಟುಪಾಡು ಅಂತ ಇದನ್ನು ತಳ್ಳಿಹಾಕುವವರಿದ್ದಾರೆ. ನನಗಂತೂ ಅದು ದೊಡ್ಡ ಆಸರೆಯಾಯಿತು.

ಕಷ್ಟವಾಗಿದ್ದು ಎರಡನೇ ವರ್ಷ. ತಿಥಿ ಮುಗಿಯಿತಲ್ಲ, ಇನ್ನು ಎಲ್ಲ ಮೊದಲಿನ ಹಾಗೇ ಅಂತ ಜನ ಅಂದುಕೊಳ್ಳುತ್ತಾರೆ. ಆದರೆ ಗೌರಿ ಹಬ್ಬದಲ್ಲಿ ಹತ್ತಿರದ ನೆಂಟರೊಬ್ಬರು ಬೀದಿಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದರು, ನನ್ನೊಬ್ಬಳನ್ನು ಬಿಟ್ಟು. ಆಮೇಲೆ ಪಿತೃಪಕ್ಷ, ದಸರಾ, ಅದರ ಬೆನ್ನಿಗೇ ಹಾಸನಾಂಬೆ. ಹಾಸನದಲ್ಲಿ ಮನೆ ಇರುವವರಿಗೆ ಇದರ ಬಿಸಿ ಗೊತ್ತು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿ ಬಾಗಿಲು ತೆಗೆದರೆ ಬಲಿಪಾಡ್ಯಮಿ ಹೊತ್ತಿನವರೆಗೂ ಊರ ತುಂಬ ಜನ. ವರ್ಷಕ್ಕೊಮ್ಮೆ ಸಿಗುವ ದರ್ಶನ, ನೆಂಟರು ಬಂದೇ ಬರುತ್ತಾರೆ. ಅವರನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದು, ಜೊತೆಗೆ ಸಾಲಿನಲ್ಲಿ ನಿಂತು, ಉಪಚಾರ ಮಾಡಿ ಕಳಿಸುತ್ತಿದ್ದವರು ಇವರೇ.

ಹುಣ್ಣಿಮೆಗೆ ಮೊದಲೇ ನಾನು ಒಬ್ಬೊಬ್ಬರಿಗೂ ಫೋನ್ ಮಾಡಿದೆ. "ಬನ್ನಿ, ಹಾಸಿಗೆ ಇದೆ, ಬಿಸಿನೀರಿದೆ. ಅಡುಗೆ ಮಾತ್ರ ಈ ಸಲ ನನ್ನ ಕೈಲಾಗಲ್ಲ, ಊಟ ತಿಂಡಿ ಹೊರಗಡೆ" ಅಂದೆ. ಹೇಳುವಾಗ ಗಂಟಲು ಒಣಗಿತ್ತು. ಆದರೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾದಿನಿಗೆ ಇನ್ನೊಂದು ಮಾತು ಹೇಳಿಟ್ಟಿದ್ದೆ: ನಾನು ಎದ್ದು ಮಹಡಿಗೆ ಹೋದರೆ ಯಾರನ್ನೂ ಹಿಂದೆ ಕಳಿಸಬೇಡ, ಅತ್ತು ಮುಗಿಸಿ ನಾನೇ ಬರುತ್ತೇನೆ. ಇದು ಬಹಳ ಕೆಲಸಕ್ಕೆ ಬಂತು. ದುಃಖ ಹೇಳಿಕೇಳಿ ಬರಲ್ಲ, ಅಲ್ವಾ? ಪೂಜೆ ಹೊತ್ತಲ್ಲಿ ಗಟ್ಟಿಯಾಗಿದ್ದವಳಿಗೆ ದಿನಸಿ ಅಂಗಡಿಯಲ್ಲಿ ಹರಳೆಣ್ಣೆ ಕೊಳ್ಳುವಾಗ ಅಳು ಬಂದುಬಿಟ್ಟಿತ್ತು.

ದೀಪಾವಳಿಗೆ ಮನೆಯಲ್ಲೇ ಎರಡು ಮಾತು. ಅತ್ತೆಗೆ ಹಬ್ಬವೇ ಬೇಡ. ಹೈಸ್ಕೂಲಿಗೆ ಹೋಗುವ ಮಗನಿಗೆ ಪಟಾಕಿ ಬೇಕು. ಇಬ್ಬರದೂ ಸರಿಯೇ. ಮಗನನ್ನು ಕಳೆದುಕೊಂಡವರ ಸಂಕಟ ಬೇರೆ, ಅಪ್ಪನನ್ನು ಕಳೆದುಕೊಂಡ ಹುಡುಗನದು ಬೇರೆ. ಪಟಾಕಿಯನ್ನು ಅವನು ಗೆಳೆಯನ ಮನೆಯಲ್ಲಿ ಹೊಡೆದ. ನಮ್ಮ ಮನೆಯಲ್ಲಿ ನೀರು ತುಂಬುವ ಹಬ್ಬ ಒಂದನ್ನು ಉಳಿಸಿಕೊಂಡೆವು. ಅದು ಯಾವಾಗಲೂ ಇವರ ಕೆಲಸ. ಈ ಸಲ ಮಗ ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ಉಜ್ಜಿದ. ಸುತ್ತ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದ. ಕಂಠಕ್ಕೆ ಮಾಲಿಂಗನ ಬಳ್ಳಿ ಕಟ್ಟಲು ಹೋದರೆ ಗಂಟು ನಿಲ್ಲದೆ ಜಾರಿ ಜಾರಿ ಬೀಳುತ್ತಿತ್ತು. ಅಲ್ಲಿಯವರೆಗೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅತ್ತೆ ಎದ್ದು ಬಂದು, "ನಿಮ್ಮಪ್ಪನೂ ಹೀಗೇ ಕಣೋ, ಕೊನೆಗೆ ದಾರ ಸುತ್ತುತ್ತಿದ್ದ" ಅಂದರು. ಅಷ್ಟು ದಿನ ಮನೆಯಲ್ಲಿ ಇವರ ಸುದ್ದಿ ತೆಗೆಯಲು ಎಲ್ಲರಿಗೂ ಭಯ. ಅವತ್ತು ಬಚ್ಚಲ ಬಾಗಿಲಲ್ಲಿ ಕೂತು ಬಹಳ ಹೊತ್ತು ಇವರ ಬಗ್ಗೆಯೇ ಮಾತಾಡಿದೆವು. ನಕ್ಕಿದ್ದೂ ಆಯಿತು, ಅತ್ತಿದ್ದೂ ಆಯಿತು.

ಸಾವಾದ ಮನೆಗೆ ಹಬ್ಬದ ದಿನ ಹೋಗುವವರಲ್ಲಿ ಕೇಳಿಕೊಳ್ಳುತ್ತೇನೆ: ಹೋದವರ ಹೆಸರೆತ್ತಲು ಹೆದರಬೇಡಿ. "ಎಲ್ಲ ಮರೆತುಬಿಡು" ಅಂತ ಮಾತ್ರ ಅನ್ನಬೇಡಿ.

ಹಬ್ಬ ಕಳೆದ ಮೇಲೆ ಅತ್ತೆಗೆ ನಿದ್ದೆ ಪೂರ್ತಿ ಬಿಟ್ಟುಹೋಯಿತು, ಊಟ ಸೇರದಾಯಿತು. ವಾರಗಟ್ಟಲೆ ಹಾಗೇ. ನಾವು ಹೇಳುವ ಸಮಾಧಾನಕ್ಕೆ ಇದು ಬಗ್ಗುವುದಲ್ಲ ಅನ್ನಿಸಿ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರಿಗೆ ಫೋನ್ ಮಾಡಿದೆ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಾನು ಹೇಳಿದ್ದನ್ನು ನಿಧಾನವಾಗಿ ಕೇಳಿಸಿಕೊಂಡು, ಮಾನಸಿಕ ತಜ್ಞರಿಗೆ ತೋರಿಸಿ ಅಂದರು. ಅತ್ತೆ ಮೊದಲು ಒಪ್ಪಲಿಲ್ಲ, ನಾದಿನಿ ಜೊತೆಗೆ ಬಂದಳು, ಹೊರಟರು. ಈಗ ರಾತ್ರಿ ಮಲಗುತ್ತಾರೆ, ಮುದ್ದೆ ಕೇಳಿ ಹಾಕಿಸಿಕೊಳ್ಳುತ್ತಾರೆ. ಈ ಸಲ ಕಜ್ಜಾಯದ ಪಾಕ ನಾನೇ ಹಿಡಿಯುತ್ತೇನೆ ಅಂತ ಮೊನ್ನೆ ಅಂದರು. ಮಾಡಿದರೂ ಸರಿ, ಆ ಹೊತ್ತಿಗೆ ಬೇಡ ಅನ್ನಿಸಿದರೂ ಸರಿ ಅಂತ ಹೇಳಿದ್ದೇನೆ.