ಎರಡನೇ ರೂಟರ್ ತಂದಿರಾ? ರೂಟರ್ ಮೋಡಾ, ಆಕ್ಸೆಸ್ ಪಾಯಿಂಟ್ ಮೋಡಾ?

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೇ ಮನೆ, ಗೋಡೆಗಳು ದಪ್ಪ. ಫೈಬರ್‌ನವರು ಹಾಲ್‌ನಲ್ಲಿ ಹಾಕಿಕೊಟ್ಟ ರೂಟರ್‌ನ ವೈಫೈ ಮಹಡಿಗೆ ಸಿಗುತ್ತಿರಲಿಲ್ಲ. ಹಾಗಾಗಿ ಮೇಲಕ್ಕೊಂದು ರೂಟರ್ ತಂದು, ಹಾಲ್‌ನಿಂದ ಕ್ಯಾಟ್ 6 ಕೇಬಲ್ ಎಳೆಸಿದೆ. ಸೆಟ್ಟಿಂಗ್ಸ್ ತೆರೆದರೆ ಎರಡು ಆಯ್ಕೆ: ರೂಟರ್ ಮೋಡ್, ಆಕ್ಸೆಸ್ ಪಾಯಿಂಟ್ ಮೋಡ್.

ಸ್ಪೀಡ್ ಯಾವುದರಲ್ಲಿ ಜಾಸ್ತಿ ಅಂತ ಎಲ್ಲರೂ ಕೇಳುತ್ತಾರೆ. ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಕೇಳಬೇಕಾದ್ದು ಬೇರೆ: ಕೆಳಗಿನ ಮೊಬೈಲು, ಕಂಪ್ಯೂಟರುಗಳಿಗೆ ಮೇಲಿನವು ಕಾಣಬೇಕೋ ಬೇಡವೋ? ನಮ್ಮಲ್ಲಿ ಪ್ರಿಂಟರ್ ಇರುವುದು ಮಹಡಿಯಲ್ಲಿ, ಪ್ರಿಂಟ್ ಕೊಡುವ ಅಪ್ಪ ಇರುವುದು ಕೆಳಗೆ. ಕಾಣಲೇಬೇಕು.

ರೂಟರ್ ಮೋಡ್‌ನಲ್ಲಿಟ್ಟರೆ ಮೇಲಿನದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟುತ್ತದೆ. ಕೆಳಗೆ 192.168.1ರ ಐಪಿಗಳಿದ್ದರೆ (ಐಪಿ ಅಂದರೆ ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನದ ವಿಳಾಸ) ಮೇಲೆ 192.168.0ರವು. ನಡುವೆ ಇನ್ನೊಂದು ನ್ಯಾಟ್, ಅಂದರೆ ಒಳಗಿನ ಐಪಿಗಳನ್ನೆಲ್ಲಾ ಹೊರಗೆ ಒಂದೇ ಐಪಿಯಾಗಿ ತೋರಿಸುವ ವ್ಯವಸ್ಥೆ. ಯೂಟ್ಯೂಬು, ವಾಟ್ಸಾಪ್ ಆರಾಮಾಗಿ ನಡೆಯುತ್ತವೆ, ಆದರೆ ಕೆಳಗಿನಿಂದ ಮೇಲಿನ ಪ್ರಿಂಟರ್ ಸಿಗುವುದಿಲ್ಲ. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಕೆಲಸ ಪೂರ್ತಿ ಕೆಳಗಿನ ರೂಟರ್‌ನದೇ. ಮೇಲಿನದು ಸುಮ್ನೆ ವೈಫೈ ಕೊಡುತ್ತದೆ, ಅಷ್ಟೆ. ಎಲ್ಲಾ ಒಂದೇ ನೆಟ್‌ವರ್ಕ್ ಆಗುವುದರಿಂದ ಪ್ರಿಂಟರ್ ಅಪ್ಪನಿಗೂ ಸಿಗುತ್ತದೆ, ನಾನು ಇದನ್ನೇ ಆರಿಸಿದೆ.

ಎರಡು ನ್ಯಾಟ್ ಇದ್ದರೆ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನ ಇಂಟರ್ನೆಟ್‌ನಿಂದ ಮನೆಯೊಳಗಿನ ಸಾಧನಕ್ಕೆ ದಾರಿ ಬಿಡುವುದು, ಕಷ್ಟ ಅನ್ನುವುದು ನಿಜ. ಆದರೆ ಮೊದಲನೇ ರೂಟರ್‌ನ ವ್ಯಾನ್ ಐಪಿಯನ್ನೂ (ಫೈಬರ್ ಕಂಪನಿಯಿಂದ ಅದಕ್ಕೆ ಸಿಕ್ಕ ಐಪಿ) ಒಮ್ಮೆ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಕಂಪನಿಯವರೇ ಆಗಲೇ ಇನ್ನೊಂದು ನ್ಯಾಟ್ ಹಾಕಿದ್ದಾರೆ, ಸಿಜಿನ್ಯಾಟ್ ಅಂತ. ಆಗ ಮನೆಯಲ್ಲಿ ಏನು ಬದಲಾಯಿಸಿದರೂ ಫಾರ್ವರ್ಡಿಂಗ್ ನಡೆಯುವುದಿಲ್ಲ.

ಮೋಡ್ ಬದಲಾಯಿಸಿದ ಮೇಲೆ ರೂಟರ್ ರೀಸ್ಟಾರ್ಟ್ ಆಗುತ್ತದೆ. ಹಳೇ ಐಪಿ ಹೊಡೆದರೆ ಪೇಜ್ ತೆರೆಯದೆ ಇರಬಹುದು. ಗಾಬರಿ ಬೇಡ. ಕೆಳಗಿನ ರೂಟರ್‌ನ ಡಿವೈಸ್ ಪಟ್ಟಿಯಲ್ಲಿ ಅದರ ಹೊಸ ಐಪಿ ಇರುತ್ತದೆ. ಅದು ಮತ್ತೆ ಬದಲಾಗದಿರಲಿ ಅಂತ ನಾನು ಅದನ್ನು ಅಲ್ಲೇ ರಿಸರ್ವ್ ಮಾಡಿಟ್ಟೆ. ಹಳೇ ರೂಟರ್‌ಗಳಲ್ಲಿ ಈ ಮೋಡೇ ಇಲ್ಲದಿದ್ದರೂ ದಾರಿ ಇದೆ. ಅದರ ಲ್ಯಾನ್ ಐಪಿಯನ್ನು (ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಅದರ ಐಪಿ) 192.168.1.2 ಥರ, ಕೆಳಗಿನದರ ಸಾಲಿಗೇ ಸೇರುವ, ಬೇರೆ ಯಾರಿಗೂ ಹಂಚಿರದ ಒಂದಕ್ಕೆ ಬದಲಾಯಿಸಿ. ಡಿಎಚ್‌ಸಿಪಿ ಆಫ್ ಮಾಡಿ. ಕೇಬಲ್ ಲ್ಯಾನ್ ಪೋರ್ಟ್‌ಗೆ ಹಾಕಿ, ವ್ಯಾನ್ ಪೋರ್ಟ್ ಖಾಲಿ ಬಿಡಿ.

ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟಿದ್ದೇನೆ. 2.4 ಗಿಗಾಹರ್ಟ್ಜ್‌ನಲ್ಲಿ ಒಂದಕ್ಕೊಂದು ಅಡ್ಡ ಬರದಿರಲಿ ಅಂತ ಕೆಳಗೆ ಚಾನೆಲ್ 1, ಮೇಲೆ 11.

ಕಳೆದುಕೊಳ್ಳುವುದೂ ಇದೆ. ಮಕ್ಕಳ ಮೊಬೈಲ್‌ಗೆ ರಾತ್ರಿ ನೆಟ್ ನಿಲ್ಲಿಸುವ ಸೌಲಭ್ಯ ಮೇಲಿನ ರೂಟರ್‌ನಲ್ಲಿ ಚೆನ್ನಾಗಿತ್ತು, ಮೋಡ್ ಬದಲಾದ ಮೇಲೆ ಅದು ಮಾಯ. ಗೆಸ್ಟ್ ವೈಫೈ ಕೂಡ ಕೆಲವು ಮಾಡೆಲ್‌ಗಳಲ್ಲಿ ಬೇರೆಯಾಗಿ ಉಳಿಯುವುದಿಲ್ಲ. ಗೆಸ್ಟ್‌ಗೆ ಸೇರಿ ಪ್ರಿಂಟರ್‌ನ ಐಪಿ ಹೊಡೆದು ನೋಡಿ, ಪೇಜ್ ತೆರೆದರೆ ನೆಂಟರಿಗೂ ಎಲ್ಲಾ ಕಾಣುತ್ತಿದೆ ಅಂತಲೇ ಅರ್ಥ.

ಮಂಡ್ಯದಲ್ಲಿರುವ ಭಾವಮೈದುನನಿಗೆ ಮಾತ್ರ ರೂಟರ್ ಮೋಡೇ ಸರಿ ಅಂದೆ. ಅವನದು ಕೆಳಗೆ ತೆರಿಗೆ ಲೆಕ್ಕದ ಆಫೀಸು, ಮೇಲೆ ಮನೆ, ಕನೆಕ್ಷನ್ ಒಂದೇ. ಕಂಪ್ಯೂಟರ್‌ಗಳಲ್ಲಿ ಜನರ ಪ್ಯಾನು, ಬ್ಯಾಂಕ್ ಲೆಕ್ಕ ಎಲ್ಲಾ ಇರುತ್ತೆ, ಮಕ್ಕಳ ಮೊಬೈಲ್‌ಗೆ ಅವು ಕಾಣಬಾರದು ಅಲ್ವಾ? ಇಲ್ಲಿ ಯಾವುದು ಯಾವುದರ ಹಿಂದೆ ಅನ್ನುವುದು ಮುಖ್ಯ. ಎರಡನೇ ರೂಟರ್‌ನ ಹಿಂದಿರುವವರಿಗೆ ಮೊದಲನೆಯದರಲ್ಲಿರುವವು ಸಿಗುತ್ತವೆ, ಮೊದಲನೆಯದರಿಂದ ಎರಡನೆಯದರೊಳಗೆ ಹೋಗಲು ಆಗುವುದಿಲ್ಲ. ಹಾಗಾಗಿ ಮನೆಯನ್ನು ಕಂಪನಿಯ ರೂಟರ್‌ಗೆ ಬಿಟ್ಟು, ಆಫೀಸನ್ನು ಹೊಸದರ ಹಿಂದೆ ಇಟ್ಟೆವು. ಉಲ್ಟಾ ಮಾಡಿದ್ದರೆ ಆಫೀಸೇ ಮಕ್ಕಳಿಗೆ ತೆರೆದಿರುತ್ತಿತ್ತು. ಈಗ ಮನೆಯವರಿಗೆ ಪ್ರಿಂಟ್ ಬೇಕಾದರೆ ಫೈಲ್ ಅವನಿಗೆ ವಾಟ್ಸಾಪ್ ಮಾಡಬೇಕು, ಅವನೇ ತೆಗೆದುಕೊಡುತ್ತಾನೆ.